ಬ್ಯಾಕರಾ ಎಂಬ ಇಸ್ಪೀಟಾಟ: ಅದರ ನಿಯಮಗಳು ಮತ್ತು ಪಣದ ಲೆಕ್ಕಾಚಾರ

೧. ಪೀಠಿಕೆ

ಸಂಭಾವ್ಯತೆಯ ಶಾಸ್ತ್ರವು ಹುಟ್ಟಿದುದು ಜೂಜಿನ ಮೇಜಿನ ಬಳಿಯಲ್ಲಿ ಎಂಬುದು ಗಣಿತದ ಚರಿತ್ರೆಯನ್ನು ಬಲ್ಲವರಿಗೆಲ್ಲ ತಿಳಿದ ಸಂಗತಿ. ಆಟವೊಂದು ಅರ್ಧದಲ್ಲಿಯೇ ನಿಂತುಹೋದರೆ ಪಣವನ್ನು ಹೇಗೆ ಹಂಚಿಕೊಳ್ಳಬೇಕೆಂಬ ಪ್ರಶ್ನೆಯನ್ನು ಕುರಿತು ೧೬೫೪ರಲ್ಲಿ ಪಾಸ್ಕಲ್ ಮತ್ತು ಫರ್ಮಾ ಇವರು ನಡೆಸಿದ ಪತ್ರವ್ಯವಹಾರವು ಈ ಶಾಸ್ತ್ರಕ್ಕೆ ತಳಹದಿಯಾಯಿತು. ಅಂದಿನಿಂದ ದಾಳ, ನಾಣ್ಯ, ಇಸ್ಪೀಟಿನ ಎಲೆ ಇವು ಈ ಶಾಸ್ತ್ರದ ಉಪಕರಣಗಳಾಗಿಯೇ ಉಳಿದು ಬಂದಿವೆ.

ಇಂತಹ ಆಟಗಳಲ್ಲಿ ಬ್ಯಾಕರಾ ಎಂಬ ಇಸ್ಪೀಟಾಟವು ಎರಡು ಕಾರಣಗಳಿಂದ ವಿದ್ಯಾರ್ಥಿಯ ಗಮನಕ್ಕೆ ಯೋಗ್ಯವಾಗಿದೆ. ಮೊದಲನೆಯದಾಗಿ, ಇಂದು ಜಗತ್ತಿನ ದೊಡ್ಡ ಜೂಜುಗೃಹಗಳಲ್ಲಿ ಅತಿ ಹೆಚ್ಚು ಹಣ ಕೈಬದಲಾಗುವ ಆಟಗಳಲ್ಲಿ ಇದು ಅಗ್ರಗಣ್ಯವಾದುದು; ಚೀನಕ್ಕೆ ಸೇರಿದ ಮಕಾವಿನಲ್ಲಿ ಜೂಜುಗೃಹಗಳ ವರಮಾನದ ಬಹುಭಾಗ ಇದೊಂದೇ ಆಟದಿಂದ ಬರುತ್ತದೆ. ಎರಡನೆಯದಾಗಿ, ಪಣವೊಡ್ಡುವವನ ಬುದ್ಧಿಗೆ ಈ ಆಟದಲ್ಲಿ ಎಲ್ಲಿಯೂ ಎಡೆಯಿಲ್ಲದಿದ್ದರೂ, ಅದರ ನಿಯಮಗಳ ಹಿಂದೆ ಗಣಿತಜ್ಞರನ್ನು ಎಪ್ಪತ್ತು ವರ್ಷಗಳ ಕಾಲ ಕಾಡಿದ ಒಂದು ನಿಜವಾದ ಸಮಸ್ಯೆ ಅಡಗಿದೆ. ಪ್ರಸ್ತುತ ಲೇಖನದಲ್ಲಿ ಮೊದಲು ಆಟದ ನಿಯಮಗಳನ್ನೂ, ಅನಂತರ ಆ ನಿಯಮಗಳು ಹೀಗೇಕೆ ಇವೆ ಎಂಬುದನ್ನೂ, ಕೊನೆಯಲ್ಲಿ ಪಣದ ಲೆಕ್ಕವನ್ನೂ ವಿವರಿಸಲಾಗುವುದು.

೨. ಆಟದ ಚರಿತ್ರೆ

ಬ್ಯಾಕರಾ ೧೯ನೆಯ ಶತಮಾನದ ಫ್ರಾನ್ಸಿನಲ್ಲಿ ಪ್ರಚುರವಾಗಿದ್ದ ಆಟ. ಬೆಲೆ ಸೊನ್ನೆಯಾದ ಕೈಗೆ ಅಲ್ಲಿ 'ಬ್ಯಾಕರಾ' ಎಂದು ಹೆಸರು. ಆಟಕ್ಕೂ ಅದೇ ಹೆಸರಾಗಿದೆ. ಅಂದಿನ ಆಟದಲ್ಲಿ ಒಬ್ಬನು ಬ್ಯಾಂಕನ್ನು ನಡೆಸುತ್ತಿದ್ದನು. ಮಿಕ್ಕವರು ಅವನಿಗೆ ಎದುರಾಗಿ ಪಣವೊಡ್ಡುತ್ತಿದ್ದರು. ಬ್ಯಾಂಕು ಒಬ್ಬರಿಂದ ಒಬ್ಬರಿಗೆ ಸರದಿಯಂತೆ ಸಾಗುವ ಬಗೆಗೆ 'ಷೆಮೆ ದ ಫೆರ್', ಎಂದರೆ ರೈಲುಹಾದಿ, ಎಂಬ ಹೆಸರು ಬಂದಿತು. ಈ ಹಳೆಯ ಆಟದಲ್ಲಿ ಎಲೆಗಳನ್ನು ಮುಚ್ಚಿ ಹಿಡಿಯುತ್ತಿದ್ದರು. ಮತ್ತೊಂದು ಎಲೆಯನ್ನು ತೆಗೆಯಬೇಕೇ ಬೇಡವೇ ಎಂಬ ನಿರ್ಧಾರವು ಕೆಲವು ಸಂದರ್ಭಗಳಲ್ಲಿ ಆಡುವವನಿಗೇ ಬಿಟ್ಟಿದ್ದಾಗಿತ್ತು.

ಇಪ್ಪತ್ತನೆಯ ಶತಮಾನದ ಮಧ್ಯದಲ್ಲಿ ಈ ಸ್ವಾತಂತ್ರ್ಯವನ್ನೂ ತೆಗೆದುಹಾಕಿದ 'ಪುಂಟೊ ಬ್ಯಾಂಕೊ' ಎಂಬ ರೂಪವು ಲ್ಯಾಟಿನ್ ಅಮೆರಿಕದಲ್ಲಿ ಬೆಳೆದು, ೧೯೫೯ರಲ್ಲಿ ಹವಾನದಿಂದ ಲಾಸ್ ವೇಗಸ್ಸಿಗೆ ಬಂದಿತು. ಇದರಲ್ಲಿ ಬ್ಯಾಂಕು ಜೂಜುಗೃಹದ್ದೇ, ಎಲೆಗಳೆಲ್ಲ ಬಿಚ್ಚಿಟ್ಟವು, ಪ್ರತಿಯೊಂದು ನಡೆಯೂ ನಿಯಮದಿಂದ ಮೊದಲೇ ಗೊತ್ತಾದುದು. ಇಂದು ಬ್ಯಾಕರಾ ಎಂದರೆ ಸಾಮಾನ್ಯವಾಗಿ ಈ ರೂಪವೇ. ಮುಂದಿನ ವಿವರಣೆ ಇದನ್ನು ಕುರಿತದ್ದು.

೩. ಆಟದ ನಿಯಮಗಳು

ಎಂಟು ಕಟ್ಟು ಇಸ್ಪೀಟು, ಎಂದರೆ ೪೧೬ ಎಲೆಗಳನ್ನು ಕಲಸಿ 'ಷೂ' ಎಂದು ಕರೆಯುವ ಒಂದು ಪೆಟ್ಟಿಗೆಯಲ್ಲಿ ಇಡುತ್ತಾರೆ. ಎಕ್ಕದ ಬೆಲೆ ೧. ೨ರಿಂದ ೯ರವರೆಗಿನ ಎಲೆಗಳಿಗೆ ಅವುಗಳ ಮೇಲಿನ ಅಂಕಿಯೇ ಬೆಲೆ. ಹತ್ತು, ಗುಲಾಮ, ರಾಣಿ, ರಾಜ ಇವುಗಳ ಬೆಲೆ ಸೊನ್ನೆ. ಎಲೆಯ ಬಣ್ಣಕ್ಕಾಗಲಿ ಜಾತಿಗಾಗಲಿ ಇಲ್ಲಿ ಮಹತ್ತ್ವವಿಲ್ಲ. ಕೈಯಲ್ಲಿರುವ ಎಲೆಗಳ ಬೆಲೆಗಳನ್ನು ಕೂಡಿಸಿ, ಮೊತ್ತದ ಬಿಡಿಸ್ಥಾನದ ಅಂಕಿಯನ್ನು ಮಾತ್ರ ಉಳಿಸಿಕೊಳ್ಳಬೇಕು. ಉದಾಹರಣೆಗೆ ೭ ಮತ್ತು ೮ ಸೇರಿದರೆ ೧೫. ಆ ಕೈಯ ಬೆಲೆ ೫. ರಾಜ ಮತ್ತು ಹತ್ತು ಸೇರಿದರೆ ಬೆಲೆ ಸೊನ್ನೆ. ಆದುದರಿಂದ ಕೈಯೊಂದರ ಅತ್ಯುತ್ತಮ ಬೆಲೆ ೯.

ಮೇಜಿನ ಸುತ್ತ ಎಷ್ಟೇ ಜನರಿದ್ದರೂ ಹಂಚುವುದು ಎರಡೇ ಕೈಗಳನ್ನು. ಒಂದಕ್ಕೆ 'ಆಟಗಾರ', ಮತ್ತೊಂದಕ್ಕೆ 'ಬ್ಯಾಂಕು' ಎಂದು ಹೆಸರು. ಇವು ಕೇವಲ ಎರಡು ಪಕ್ಷಗಳ ಹೆಸರುಗಳೆಂಬುದನ್ನು ಓದುಗರು ನೆನಪಿನಲ್ಲಿಡಬೇಕು. ಪಣವೊಡ್ಡುವವನು ಯಾವ ಪಕ್ಷದ ಮೇಲೆ ಬೇಕಾದರೂ ಹಣವಿಡಬಹುದು. ಎರಡು ಪಕ್ಷಗಳೂ ಸಮವಾಗುವುವೆಂದು ಪಣವೊಡ್ಡುವುದಕ್ಕೂ ಅವಕಾಶವಿದೆ. ಪಣಗಳನ್ನು ಇಟ್ಟು ಮುಗಿದ ಮೇಲೆ ಪಕ್ಷಕ್ಕೆ ಎರಡೆರಡು ಎಲೆಗಳು ಬೀಳುತ್ತವೆ. ಯಾವುದಾದರೂ ಪಕ್ಷಕ್ಕೆ ಈ ಎರಡು ಎಲೆಗಳಲ್ಲಿಯೇ ೮ ಅಥವಾ ೯ ಬಂದರೆ ಅದಕ್ಕೆ 'ಸಹಜ' ಎಂದು ಹೆಸರು. ಆಟ ಅಲ್ಲಿಗೇ ಮುಗಿಯುತ್ತದೆ. ಇಲ್ಲದಿದ್ದರೆ ಆಟಗಾರ ಪಕ್ಷವು ಮೊದಲು ನಡೆಯಬೇಕು: ಅದರ ಮೊತ್ತ ೦ಯಿಂದ ೫ರ ಒಳಗಿದ್ದರೆ ಮೂರನೆಯ ಎಲೆಯನ್ನು ತೆಗೆಯಬೇಕು, ೬ ಅಥವಾ ೭ ಇದ್ದರೆ ನಿಲ್ಲಬೇಕು.

ಬ್ಯಾಂಕು ಪಕ್ಷದ ನಿಯಮ ಸ್ವಲ್ಪ ಜಟಿಲವಾದುದು. ಆಟಗಾರ ಪಕ್ಷವು ಎಲೆ ತೆಗೆಯದೆ ನಿಂತಿದ್ದರೆ ಬ್ಯಾಂಕು ಕೂಡ ಅದೇ ನಿಯಮವನ್ನು ಅನುಸರಿಸುತ್ತದೆ. ೫ರವರೆಗೆ ತೆಗೆಯುವುದು, ೬ ಮತ್ತು ೭ಕ್ಕೆ ನಿಲ್ಲುವುದು. ಆಟಗಾರ ಪಕ್ಷವು ಮೂರನೆಯ ಎಲೆಯನ್ನು ತೆಗೆದಿದ್ದರೆ ಬ್ಯಾಂಕಿನ ನಡೆ ಆ ಎಲೆಯನ್ನು ಅವಲಂಬಿಸುತ್ತದೆ:

ಬ್ಯಾಂಕಿನ ಮೊತ್ತ ೦, ೧ ಅಥವಾ ೨ ಆದರೆ: ಯಾವಾಗಲೂ ತೆಗೆಯಬೇಕು.
ಮೊತ್ತ ೩ ಆದರೆ: ಆಟಗಾರನ ಮೂರನೆಯ ಎಲೆ ೮ ಆಗಿದ್ದಾಗ ಮಾತ್ರ ನಿಲ್ಲಬೇಕು, ಉಳಿದಂತೆ ತೆಗೆಯಬೇಕು.
ಮೊತ್ತ ೪ ಆದರೆ: ಆ ಎಲೆ ೨ರಿಂದ ೭ರವರೆಗೆ ಇದ್ದಾಗ ತೆಗೆಯಬೇಕು.
ಮೊತ್ತ ೫ ಆದರೆ: ಆ ಎಲೆ ೪ರಿಂದ ೭ರವರೆಗೆ ಇದ್ದಾಗ ತೆಗೆಯಬೇಕು.
ಮೊತ್ತ ೬ ಆದರೆ: ಆ ಎಲೆ ೬ ಅಥವಾ ೭ ಇದ್ದಾಗ ತೆಗೆಯಬೇಕು.
ಮೊತ್ತ ೭ ಆದರೆ: ಯಾವಾಗಲೂ ನಿಲ್ಲಬೇಕು.

ಇಲ್ಲಿ 'ಎಲೆ' ಎಂದಿರುವುದು ಆ ಒಂದು ಎಲೆಯ ಬೆಲೆಯನ್ನೇ ಹೊರತು ಆಟಗಾರ ಪಕ್ಷದ ಒಟ್ಟು ಮೊತ್ತವನ್ನಲ್ಲ. ಯಾವ ಪಕ್ಷವೂ ಮೂರಕ್ಕಿಂತ ಹೆಚ್ಚು ಎಲೆಗಳನ್ನು ತೆಗೆಯುವುದಿಲ್ಲ. ಕೊನೆಗೆ ೯ಕ್ಕೆ ಹತ್ತಿರವಾದ ಪಕ್ಷ ಗೆದ್ದಂತೆ. ಎರಡೂ ಸಮವಾದರೆ ಆಟಗಾರ ಮತ್ತು ಬ್ಯಾಂಕು ಪಕ್ಷಗಳ ಮೇಲಿನ ಪಣಗಳನ್ನು ಹಿಂದಿರುಗಿಸುತ್ತಾರೆ.

೪. ಒಂದು ವಿಚಿತ್ರ ಉದಾಹರಣೆ

ಆಟಗಾರ ಪಕ್ಷಕ್ಕೆ ೨ ಮತ್ತು ೩, ಬ್ಯಾಂಕು ಪಕ್ಷಕ್ಕೆ ರಾಣಿ ಮತ್ತು ೬ ಬಂದವೆಂದು ಭಾವಿಸೋಣ. ಆಟಗಾರನ ಮೊತ್ತ ೫. ಆದುದರಿಂದ ಎಲೆ ತೆಗೆಯಬೇಕು. ಬಂದ ಎಲೆ ೬. ಮೊತ್ತ ೧೧, ಎಂದರೆ ಬೆಲೆ ೧. ಬ್ಯಾಂಕಿನ ಕೈಯಲ್ಲಿ ಆಗಲೇ ೬ ಇದೆ. ಎಲೆಗಳೆಲ್ಲ ಮೇಜಿನ ಮೇಲೆ ಬಿಚ್ಚಿ ಬಿದ್ದಿವೆ. ಬ್ಯಾಂಕು ಸುಮ್ಮನೆ ನಿಂತರೆ ಗೆಲುವು ಅದರದೇ. ಆದರೆ ಮೇಲಿನ ಪಟ್ಟಿಯ ಪ್ರಕಾರ, ಮೊತ್ತ ೬ ಆಗಿ ಎದುರಾಳಿಯ ಮೂರನೆಯ ಎಲೆಯೂ ೬ ಆದಾಗ ಬ್ಯಾಂಕು ಎಲೆ ತೆಗೆಯಲೇಬೇಕು. ಆಗ ೪ ಬಂದರೆ ಅದರ ಬೆಲೆ ಸೊನ್ನೆಗೆ ಇಳಿದು, ಗೆದ್ದ ಆಟವನ್ನು ಅದು ಸೋಲುತ್ತದೆ. ೫ ಬಂದರೆ ಸಮವಾಗುತ್ತದೆ.

ಹೀಗೆ ಗೆದ್ದಿರುವ ಪಕ್ಷವನ್ನು ಮತ್ತೆ ಅಪಾಯಕ್ಕೆ ಒಡ್ಡುವ ನಿಯಮವು ಮೊದಲ ನೋಟಕ್ಕೆ ಅರ್ಥಹೀನವಾಗಿ ತೋರುತ್ತದೆ. ಇದರ ಕಾರಣ ಆಟದ ಚರಿತ್ರೆಯಲ್ಲಿದೆ. ಹಳೆಯ ಆಟದಲ್ಲಿ ಆಟಗಾರನ ಮೊದಲ ಎರಡು ಎಲೆಗಳು ಬ್ಯಾಂಕಿನವನ ಕಣ್ಣಿಗೆ ಬೀಳುತ್ತಿರಲಿಲ್ಲ. ಬಿಚ್ಚಿ ಕೊಟ್ಟ ಮೂರನೆಯ ಎಲೆಯನ್ನು ಮಾತ್ರ ಅವನು ಕಾಣುತ್ತಿದ್ದನು. ಆ ಒಂದು ಎಲೆಯಿಂದ ಎದುರಾಳಿಯ ಮೊತ್ತವನ್ನು ಊಹಿಸಿ ಅವನು ನಡೆಯಬೇಕಾಗಿತ್ತು. ಇಂದಿನ ಪಟ್ಟಿಯು ಆ ಊಹೆಯ ಲೆಕ್ಕವನ್ನು ನಿಯಮವಾಗಿ ಗಟ್ಟಿಗೊಳಿಸಿದ ರೂಪ. ಎಲೆಗಳು ಬಿಚ್ಚಿಕೊಂಡವು, ಮುಚ್ಚಿದ ಎಲೆಯ ಕಾಲದ ನಿಯಮ ಮಾತ್ರ ಹಾಗೆಯೇ ಉಳಿಯಿತು.

೫. ಪಟ್ಟಿಯ ಗಣಿತ

ಈ ಊಹೆ ಎಷ್ಟು ಸರಿಯಾದುದೆಂಬುದನ್ನು ಸುಲಭವಾಗಿಯೇ ಪರೀಕ್ಷಿಸಬಹುದು. ಎಲೆಗಳ ಸಂಖ್ಯೆ ಅಪಾರವೆಂದು ಭಾವಿಸಿದರೆ, ಯಾವುದೇ ಎಲೆಯ ಬೆಲೆ ಸೊನ್ನೆಯಾಗುವ ಸಂಭಾವ್ಯತೆ ೪/೧೩. ೧ರಿಂದ ೯ರವರೆಗಿನ ಪ್ರತಿಯೊಂದು ಬೆಲೆಗೂ ೧/೧೩. ಇದರಿಂದ ಎರಡು ಎಲೆಗಳ ಮೊತ್ತ ಸೊನ್ನೆಯಾಗುವ ಸಂಭಾವ್ಯತೆ ೨೫/೧೬೯ ಎಂದೂ, ಉಳಿದ ಒಂಬತ್ತು ಮೊತ್ತಗಳಲ್ಲಿ ಪ್ರತಿಯೊಂದಕ್ಕೂ ೧೬/೧೬೯ ಎಂದೂ ದೊರೆಯುತ್ತದೆ. ಒಂದು ಪಕ್ಷಕ್ಕೆ ಸಹಜವು ಬರುವ ಸಂಭಾವ್ಯತೆ ೩೨/೧೬೯. ಎರಡರಲ್ಲಿ ಒಂದಕ್ಕಾದರೂ ಬರುವುದು ನೂರಕ್ಕೆ ೩೪ ಸಲ. ಎಂದರೆ ಸುಮಾರು ಮೂರರಲ್ಲಿ ಒಂದು ಸುತ್ತು ನಾಲ್ಕು ಎಲೆಗಳಲ್ಲಿಯೇ ಮುಗಿಯುತ್ತದೆ.

ಆಟಗಾರನು ಎಲೆ ತೆಗೆದನೆಂದರೆ ಅವನ ಮೊದಲ ಮೊತ್ತ ೦ಯಿಂದ ೫ರ ಒಳಗಿತ್ತೆಂದಾಯಿತು. ಇವುಗಳ ತೂಕ ಅನುಕ್ರಮವಾಗಿ ೨೫, ೧೬, ೧೬, ೧೬, ೧೬, ೧೬, ಒಟ್ಟು ೧೦೫. ಅವನಿಗೆ ಬಂದ ಎಲೆ ೬ ಆದರೆ ಅವನ ಕೊನೆಯ ಮೊತ್ತ ಅನುಕ್ರಮವಾಗಿ ೬, ೭, ೮, ೯, ೦, ೧ ಆಗುತ್ತದೆ. ೬ ಇರುವ ಬ್ಯಾಂಕು ನಿಂತರೆ ೦ ಮತ್ತು ೧ರ ಮೇಲೆ ಗೆಲ್ಲುತ್ತದೆ: ತೂಕ ೩೨. ೭, ೮, ೯ಕ್ಕೆ ಸೋಲುತ್ತದೆ: ತೂಕ ೪೮. ನಿವ್ವಳ ನಷ್ಟ ೧೦೫ರಲ್ಲಿ ೧೬, ಎಂದರೆ ೧,೩೬೫ರಲ್ಲಿ ೨೦೮. ಎಲೆ ತೆಗೆದರೆ ಬರಬಹುದಾದ ಹದಿಮೂರು ಬಗೆಗಳನ್ನೂ ಹೀಗೆಯೇ ಕೂಡಿಸಿ ನೋಡಿದಾಗ ನಷ್ಟ ೧,೩೬೫ರಲ್ಲಿ ೨೦೩ ಎಂದು ಬರುತ್ತದೆ. ಎದುರಾಳಿಯ ಎಲೆಗಳನ್ನು ಕಾಣದವನಿಗೆ ತೆಗೆಯುವುದೇ ಮೇಲು. ಆದರೆ ಕೂದಲೆಳೆಯಷ್ಟು ಮಾತ್ರ ಮೇಲು.

ಪಟ್ಟಿಯ ಇನ್ನೊಂದು ಸೋಜಿಗವೆಂದರೆ ಮೊತ್ತ ೩ ಇದ್ದಾಗ ೮ಕ್ಕೆ ಮಾತ್ರ ಇರುವ ಅಪವಾದ. ಅದೇ ರೀತಿಯ ಲೆಕ್ಕದಿಂದ, ಆಟಗಾರನಿಗೆ ೮ ಬಂದಾಗ ೩ರ ಮೇಲೆ ನಿಂತರೆ ಬ್ಯಾಂಕಿನ ನಿವ್ವಳ ಲಾಭ ೧,೩೬೫ರಲ್ಲಿ ೯೧. ಎಲೆ ತೆಗೆದರೆ ೮೬. ಇಲ್ಲಿಯೂ ಅಂತರ ೫ ಮಾತ್ರ. ಆದರೆ ಆಟಗಾರನಿಗೆ ೯ ಬಂದಾಗ ನಿಂತರೆ ೯೧, ತೆಗೆದರೆ ೧೯೬. ಆದುದರಿಂದ ೯ಕ್ಕೆ ಅಪವಾದವಿಲ್ಲ. ಕಂಠಪಾಠದಿಂದ ಕಲಿಯುವವರಿಗೆ ಅಡ್ಡಾದಿಡ್ಡಿಯಾಗಿ ತೋರುವ ಪಟ್ಟಿಯಲ್ಲಿ ಇಂತಹ ಸೂಕ್ಷ್ಮ ತಾರತಮ್ಯ ಅಡಕವಾಗಿದೆ.

ಆಟಗಾರ ಪಕ್ಷಕ್ಕೆ ಹಳೆಯ ಆಟದಲ್ಲಿದ್ದ ಸ್ವಾತಂತ್ರ್ಯವು ಮೊತ್ತ ೫ ಬಂದಾಗ. ಮತ್ತೊಂದು ಎಲೆಯನ್ನು ತೆಗೆದರೆ ಹದಿಮೂರರಲ್ಲಿ ನಾಲ್ಕು ಬಗೆಯ ಎಲೆಗಳು ಕೈಯನ್ನು ಉತ್ತಮಗೊಳಿಸುತ್ತವೆ, ನಾಲ್ಕು ಹಾಗೆಯೇ ಬಿಡುತ್ತವೆ, ಐದು ಕೆಡಿಸುತ್ತವೆ. ಫ್ರೆಂಚ್ ಗಣಿತಜ್ಞ ಜೋಸೆಫ್ ಬರ್ಟ್ರಾಂಡನು ಸಂಭಾವ್ಯತೆಯನ್ನು ಕುರಿತ ೧೮೮೯ರ ತನ್ನ ಗ್ರಂಥದಲ್ಲಿ ಈ ಪ್ರಶ್ನೆಯನ್ನು ಎತ್ತಿಕೊಂಡನು. ಇಲ್ಲಿನ ತೊಡಕೆಂದರೆ, ಆಟಗಾರನ ಉತ್ತಮ ನಡೆಯು ಬ್ಯಾಂಕಿನವನು ಅವನ ಅಭ್ಯಾಸವನ್ನು ಹೇಗೆ ಊಹಿಸಿದ್ದಾನೆ ಎಂಬುದನ್ನೂ ಅವಲಂಬಿಸುತ್ತದೆ. ೧೯೨೦ರ ದಶಕದಲ್ಲಿ ಎಮಿಲ್ ಬೊರೆಲನು ಇಂತಹ ಸಮಸ್ಯೆಗಳಿಗೆ ಗಣಿತದ ರೂಪ ಕೊಡಲು ತೊಡಗಿದಾಗ ಬರ್ಟ್ರಾಂಡನ ಈ ಚರ್ಚೆಯನ್ನು ಸ್ಮರಿಸಿದನು. ಕೊನೆಗೆ ೧೯೫೭ರಲ್ಲಿ ಜಾನ್ ಕೆಮೆನಿ ಮತ್ತು ಲಾರಿ ಸ್ನೆಲ್ ಇವರು ಆಟಗಳ ಸಿದ್ಧಾಂತವನ್ನು ಬಳಸಿ ಉತ್ತರವನ್ನು ಕಂಡುಹಿಡಿದರು. ಅವರ ಫಲಿತಾಂಶದಂತೆ, ೫ ಬಂದಾಗ ಹನ್ನೊಂದರಲ್ಲಿ ಒಂಬತ್ತು ಸಲ ತೆಗೆದು ಎರಡು ಸಲ ನಿಲ್ಲಬೇಕು. ಯಾವಾಗ ನಿಲ್ಲುವುದೆಂಬುದು ಎದುರಾಳಿಯ ಊಹೆಗೆ ಸಿಕ್ಕಬಾರದು. ಇಷ್ಟು ಜಾಣತನದಿಂದ ಆಡಿದರೂ ಆಟಗಾರನಿಗೆ ಪಣದ ನೂರಕ್ಕೆ ಸುಮಾರು ೧.೨೮ ನಷ್ಟವಾಗುವುದೆಂದೂ ಅವರ ಲೆಕ್ಕದಿಂದ ತಿಳಿಯುತ್ತದೆ.

೬. ಪಣದ ಲೆಕ್ಕ

ಪುಂಟೊ ಬ್ಯಾಂಕೊದಲ್ಲಿ ಈ ಚರ್ಚೆಗೂ ಅವಕಾಶವಿಲ್ಲ. ಪಣವನ್ನು ಎಲ್ಲಿ ಇಡಬೇಕು, ಎಷ್ಟು ಇಡಬೇಕು ಎಂಬ ಎರಡೇ ನಿರ್ಧಾರಗಳು ಪಣವೊಡ್ಡುವವನ ಪಾಲಿಗೆ ಉಳಿದಿವೆ. ಎಂಟು ಕಟ್ಟುಗಳ ಆಟದಲ್ಲಿ ಪ್ರತಿ ೧೦,೦೦೦ ಸುತ್ತುಗಳಿಗೆ ಸರಾಸರಿ ೪,೫೮೬ ಸಲ ಬ್ಯಾಂಕು, ೪,೪೬೨ ಸಲ ಆಟಗಾರ ಗೆಲ್ಲುತ್ತವೆ. ೯೫೨ ಸಲ ಸಮವಾಗುತ್ತದೆ. ಎದುರಾಳಿಯ ಮೂರನೆಯ ಎಲೆಯನ್ನು ಕಂಡ ಮೇಲೆ ನಡೆಯುವ ಸೌಲಭ್ಯವೇ ಬ್ಯಾಂಕಿನ ಈ ಮೇಲುಗೈಗೆ ಕಾರಣ.

ಆಟಗಾರ ಪಕ್ಷ ಗೆದ್ದರೆ ಪಣದಷ್ಟೇ ಹಣ ಲಾಭ. ಬ್ಯಾಂಕು ಪಕ್ಷಕ್ಕೂ ಹೀಗೆಯೇ ಕೊಟ್ಟರೆ, ಸದಾ ಬ್ಯಾಂಕಿನ ಮೇಲೆ ಪಣವಿಡುವವನಿಗೆ ನೂರು ರೂಪಾಯಿಗೆ ಸರಾಸರಿ ೧ ರೂಪಾಯಿ ೨೪ ಪೈಸೆ ಲಾಭವಾಗಿ ಜೂಜುಗೃಹವೇ ದಿವಾಳಿಯೇಳಬೇಕಾಗುತ್ತಿತ್ತು. ಅದಕ್ಕೋಸ್ಕರ ಬ್ಯಾಂಕಿನ ಮೇಲಿನ ಗೆಲುವಿನಿಂದ ನೂರಕ್ಕೆ ಐದರಂತೆ ಕಮಿಷನ್ ಮುರಿದುಕೊಳ್ಳುತ್ತಾರೆ. ಸಮದ ಪಣ ಗೆದ್ದರೆ ಸಾಮಾನ್ಯವಾಗಿ ಒಂದಕ್ಕೆ ಎಂಟು ಕೊಡುತ್ತಾರೆ. ಇವೆಲ್ಲವನ್ನೂ ಲೆಕ್ಕಕ್ಕೆ ತೆಗೆದುಕೊಂಡರೆ ನೂರು ರೂಪಾಯಿಯ ಪಣಕ್ಕೆ ಸರಾಸರಿ ನಷ್ಟ ಹೀಗಿದೆ:

ಬ್ಯಾಂಕಿನ ಮೇಲೆ: ೧ ರೂಪಾಯಿ ೬ ಪೈಸೆ.
ಆಟಗಾರನ ಮೇಲೆ: ೧ ರೂಪಾಯಿ ೨೪ ಪೈಸೆ.
ಸಮದ ಮೇಲೆ: ೧೪ ರೂಪಾಯಿ ೩೬ ಪೈಸೆ.

ಈ ಮೂರು ಸಂಖ್ಯೆಗಳನ್ನು ಅರಿತವನು ಪಣದ ವಿಷಯದಲ್ಲಿ ಅರಿಯಬೇಕಾದುದನ್ನೆಲ್ಲ ಅರಿತಂತೆಯೇ ಸರಿ. ಒಂದಕ್ಕೆ ಎಂಟರ ಆಸೆ ತೋರಿಸುವ ಸಮದ ಪಣವೇ ಮೂರರಲ್ಲಿ ಅತ್ಯಂತ ದುಬಾರಿಯಾದುದು. ಬ್ಯಾಂಕಿನ ಪಣದ ನಷ್ಟ ಅತಿ ಕಡಮೆಯೆಂಬುದು ನಿಜ; ಆದರೂ ಅದು ನಷ್ಟವೇ.

೭. ಅಲ್ಪ ನಷ್ಟದ ಮೋಸ

ನೂರಕ್ಕೆ ಒಂದು ರೂಪಾಯಿ ಎಂದರೆ ಯಾರಿಗೂ ಭಾರವೆನಿಸದು. ಆದರೆ ಈ ಆಟದ ವೇಗ ಹೆಚ್ಚು. ಗಂಟೆಗೆ ೭೦ ಸುತ್ತುಗಳಂತೆ ಐದು ಗಂಟೆ, ಸುತ್ತಿಗೆ ೧೦೦ ರೂಪಾಯಿಯಂತೆ ಒಬ್ಬನು ಆಡಿದನೆಂದು ಭಾವಿಸಿದರೆ ಅವನು ಒಟ್ಟು ೩೫,೦೦೦ ರೂಪಾಯಿಗಳನ್ನು ಪಣಕ್ಕೊಡ್ಡಿದಂತಾಗುತ್ತದೆ. ಸರಾಸರಿ ನಷ್ಟ ಸುಮಾರು ೩೭೦ ರೂಪಾಯಿ. ಕೈಯಲ್ಲಿ ಎರಡು ಸಾವಿರವನ್ನು ಮಾತ್ರ ತಂದವನಿಗೆ ಇದು ಮೂಲಧನದ ಆರರಲ್ಲಿ ಒಂದು ಪಾಲಿಗಿಂತಲೂ ಹೆಚ್ಚು.

ಹಾಗಾದರೆ ಆಡುವವರಿಗೆ ಇದು ಏಕೆ ಕಾಣುವುದಿಲ್ಲ? ಸುತ್ತಿನಿಂದ ಸುತ್ತಿಗೆ ಆಗುವ ಏರಿಳಿತವು ಸರಾಸರಿ ನಷ್ಟಕ್ಕಿಂತ ಬಹಳ ದೊಡ್ಡದು. ಬ್ಯಾಂಕಿನ ಪಣದಲ್ಲಿ ಒಂದು ಸುತ್ತಿನ ಮಾನಕ ವಿಚಲನೆ ಪಣದ ೦.೯೩ರಷ್ಟು. ನೂರು ಸುತ್ತುಗಳಲ್ಲಿ ಸರಾಸರಿ ನಷ್ಟ ೧.೦೬ ಪಣ, ವಿಚಲನೆಯಾದರೋ ೯.೩ ಪಣ. ಆದುದರಿಂದ ನೂರು ಸುತ್ತು ಆಡಿದವರಲ್ಲಿ ನೂರಕ್ಕೆ ಸುಮಾರು ೪೫ ಮಂದಿ ಲಾಭದಿಂದಲೇ ಮೇಲೇಳುತ್ತಾರೆ. ಹತ್ತು ಸಾವಿರ ಸುತ್ತುಗಳಾದ ಮೇಲೆ ಸರಾಸರಿ ನಷ್ಟ ೧೦೬ ಪಣ, ವಿಚಲನೆ ೯೩ ಪಣ; ಲಾಭದಲ್ಲಿರುವವರು ನೂರಕ್ಕೆ ೧೩. ನಲವತ್ತು ಸಾವಿರ ಸುತ್ತುಗಳ ಮೇಲೆ ನೂರಕ್ಕೆ ಒಬ್ಬನು ಮಾತ್ರ. ಒಂದು ಸಂಜೆಯ ಅನುಭವವು ಆಟಗಾರನಿಗೆ ಹೇಳುವುದು ಒಂದು. ದೀರ್ಘಕಾಲದ ಲೆಕ್ಕವು ಜೂಜುಗೃಹಕ್ಕೆ ಹೇಳುವುದು ಮತ್ತೊಂದು. ಸಾವಿರಾರು ಜನರ ಪಣಗಳು ಜೂಜುಗೃಹದಲ್ಲಿ ಒಂದೇ ಲೆಕ್ಕಕ್ಕೆ ಸೇರುವುದರಿಂದ ಆ ದೀರ್ಘಕಾಲವು ಅದಕ್ಕೆ ಕೆಲವೇ ದಿನಗಳಲ್ಲಿ ಒದಗುತ್ತದೆ.

ಈ ನಷ್ಟವನ್ನು ತಪ್ಪಿಸಿಕೊಳ್ಳಲು ಜನರು ನಾನಾ ಉಪಾಯಗಳನ್ನು ಹೂಡಿದ್ದಾರೆ. ಸೋತಾಗಲೆಲ್ಲ ಪಣವನ್ನು ಇಮ್ಮಡಿಸುವುದು ಅವುಗಳಲ್ಲಿ ಪ್ರಸಿದ್ಧವಾದುದು: ೧, ೨, ೪, ೮ ಹೀಗೆ ಏರಿಸುತ್ತಾ ಹೋದರೆ ಒಮ್ಮೆ ಗೆದ್ದೊಡನೆ ಹಿಂದಿನ ನಷ್ಟವೆಲ್ಲ ತುಂಬಿ ಒಂದು ರೂಪಾಯಿ ಉಳಿಯುತ್ತದೆ. ಆದರೆ ಮೇಜಿಗೆ ಪಣದ ಮೇಲ್ಮಿತಿಯುಂಟು; ಜೇಬಿಗೂ ಉಂಟು. ಏಳು ಸಲ ಇಮ್ಮಡಿಸಲು ಶಕ್ತಿಯಿರುವವನು ಏಳು ಸಲವೂ ಸೋತರೆ ೧೨೭ ರೂಪಾಯಿ ಹೋಗುತ್ತದೆ. ಆಟಗಾರ ಪಕ್ಷದ ಮೇಲೆ ಪಣವಿಟ್ಟು, ಸಮಗಳನ್ನು ಬಿಟ್ಟು ಎಣಿಸಿದರೆ, ಇದು ಸುಮಾರು ೧೧೬ಕ್ಕೆ ಒಂದು ಸಲ ಸಂಭವಿಸುತ್ತದೆ. ೧೧೫ ಸಲ ಒಂದೊಂದು ರೂಪಾಯಿ ಗಳಿಸಿ, ಒಂದು ಸಲ ೧೨೭ ರೂಪಾಯಿ ಕಳೆದುಕೊಳ್ಳುವ ವ್ಯಾಪಾರವಿದು. ಹಿಂದಿನ ಸುತ್ತುಗಳ ಫಲವನ್ನು ಚೀಟಿಯಲ್ಲಿ ಗುರುತು ಹಾಕಿಕೊಂಡು ಮುಂದಿನದನ್ನು ಊಹಿಸುವ ಪದ್ಧತಿಯೂ ಮಕಾವು ಮೊದಲಾದೆಡೆ ಬಳಕೆಯಲ್ಲಿದೆ. ಹೊರಬಿದ್ದ ಎಲೆಗಳು ಉಳಿದ ಎಲೆಗಳ ಪ್ರಮಾಣವನ್ನು ಕಿಂಚಿತ್ ಬದಲಿಸುವುದು ನಿಜವಾದರೂ ಆ ಬದಲಾವಣೆ ಗಣನೆಗೆ ಬಾರದಷ್ಟು ಅಲ್ಪ. ಎಡ್ವರ್ಡ್ ಥೋರ್ಪ್ ಮತ್ತು ವಿಲಿಯಂ ವಾಲ್ಡನ್ ಇವರು ೧೯೬೬ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ, ಎಲೆಗಳನ್ನು ಎಣಿಸಿ ಲಾಭ ಪಡೆಯುವ ಅವಕಾಶ ಅಂದು ನೆವಾಡದಲ್ಲಿದ್ದ ಒಂದು ಬಗೆಯ ಉಪಪಣದಲ್ಲಿ ಮಾತ್ರ ಉಂಟೆಂದು ತೋರಿಸಿದರು.

ನಿಯಮಗಳಲ್ಲಿ ಜಾಣತನಕ್ಕೆ ಎಡೆಯಿಲ್ಲದ ಕಡೆ ಅದು ಬೇರೆ ದಾರಿಯನ್ನು ಹುಡುಕುತ್ತದೆ ಎಂಬುದಕ್ಕೆ ಎರಡು ಮೊಕದ್ದಮೆಗಳು ಸಾಕ್ಷಿಯಾಗಿವೆ. ೧೮೯೦ರಲ್ಲಿ ಇಂಗ್ಲೆಂಡಿನ ಟ್ರಾನ್‌ಬಿ ಕ್ರಾಫ್ಟ್ ಎಂಬ ಬಂಗಲೆಯಲ್ಲಿ, ಮುಂದೆ ಏಳನೆಯ ಎಡ್ವರ್ಡ್ ದೊರೆಯಾದ ಯುವರಾಜನ ಸಮ್ಮುಖದಲ್ಲಿ ನಡೆದ ಆಟದಲ್ಲಿ, ಸರ್ ವಿಲಿಯಂ ಗಾರ್ಡನ್ ಕಮಿಂಗನು ಫಲ ತಿಳಿದ ಮೇಲೆ ಪಣವನ್ನು ಹೆಚ್ಚುಕಡಮೆ ಮಾಡಿದನೆಂಬ ಆಪಾದನೆ ಬಂದಿತು. ಮಾನಹಾನಿಯಾಯಿತೆಂದು ಅವನೇ ಹೂಡಿದ ದಾವೆಯಲ್ಲಿ ಯುವರಾಜನೂ ಸಾಕ್ಷಿ ನುಡಿಯಬೇಕಾಯಿತು. ೧೮೯೧ರ ಜೂನ್ ತಿಂಗಳಲ್ಲಿ ತೀರ್ಪು ಅವನ ವಿರುದ್ಧವಾಗಿ, ಸೈನ್ಯದ ಹುದ್ದೆಯೂ ಹೋಯಿತು. ೨೦೧೨ರಲ್ಲಿ ಲಂಡನ್ನಿನಲ್ಲಿ ಫಿಲ್ ಐವಿ ಎಂಬಾತನು ಎಲೆಗಳ ಬೆನ್ನಿನ ಚಿತ್ರದ ಅಂಚಿನಲ್ಲಿದ್ದ ಸೂಕ್ಷ್ಮ ವ್ಯತ್ಯಾಸದಿಂದ ಬೆಲೆಯುಳ್ಳ ಎಲೆಗಳನ್ನು ಗುರುತಿಸಿ ೭೭ ಲಕ್ಷ ಪೌಂಡು ಗೆದ್ದನು. ಜೂಜುಗೃಹವು ಹಣ ಕೊಡಲೊಪ್ಪದಿರಲು ಅವನು ನ್ಯಾಯಾಲಯಕ್ಕೆ ಹೋದನು. ಬ್ರಿಟನ್ನಿನ ಸರ್ವೋಚ್ಚ ನ್ಯಾಯಾಲಯವು ೨೦೧೭ರಲ್ಲಿ ಇದು ವಂಚನೆಯೇ ಎಂದು ತೀರ್ಮಾನಿಸಿತು.

೮. ನಮ್ಮ ಕಡೆಯ ಒಂದು ಹೋಲಿಕೆ

ಕನ್ನಡ ನಾಡಿನಲ್ಲಿ ಬ್ಯಾಕರಾ ಅಪರಿಚಿತವಾದರೂ ಅದರ ಬಂಧುವೊಂದು ಎಲ್ಲರಿಗೂ ಪರಿಚಿತ. ಅಂದರ್ ಬಾಹರ್ ಆಟದಲ್ಲಿಯೂ ಪಕ್ಷಗಳು ಎರಡೇ. ಪಣವೊಡ್ಡುವವನು ಒಳಗೋ ಹೊರಗೋ ಎಂದು ಹೇಳಿ ಕಾಯುವುದಷ್ಟೇ. ಒಂದು ಕಟ್ಟಿನಿಂದ ಒಂದು ಎಲೆಯನ್ನು ಬಿಚ್ಚಿಟ್ಟು, ಅದೇ ಅಂಕಿಯ ಎಲೆ ಬರುವವರೆಗೆ ಉಳಿದ ೫೧ ಎಲೆಗಳನ್ನು ಎರಡು ಕಡೆಗೂ ಒಂದೊಂದಾಗಿ ಹಾಕುತ್ತಾ ಹೋಗುತ್ತಾರೆ. ಮೊದಲು ಎಲೆ ಬೀಳುವ ಪಕ್ಷವು ಗೆಲ್ಲುವ ಸಂಭಾವ್ಯತೆ ೧೦,೭೨೫/೨೦,೮೨೫, ಎಂದರೆ ನೂರಕ್ಕೆ ೫೧.೫. ಇಲ್ಲಿಯೂ ಒಂದು ಪಕ್ಷಕ್ಕೆ ಅಲ್ಪವಾದ ಮೇಲುಗೈಯುಂಟು. ಆ ಪಕ್ಷದ ಗೆಲುವಿಗೆ ಹಣವನ್ನು ಸ್ವಲ್ಪ ಕಡಮೆ ಮಾಡಿ ಕೊಡುವ ಕಡೆಗಳಲ್ಲಿ ಆ ಮೇಲುಗೈಯೂ ಪಣವೊಡ್ಡುವವನಿಗೆ ದಕ್ಕುವುದಿಲ್ಲ. ಕರ್ನಾಟಕ ಪೊಲೀಸ್ ಅಧಿನಿಯಮ, ೧೯೬೩ರ ಪ್ರಕಾರ ಇಂತಹ ಅದೃಷ್ಟದಾಟಗಳಿಗೆ ಜೂಜುಕಟ್ಟೆ ನಡೆಸುವುದು ಅಪರಾಧ. ಅಂತರಜಾಲದಲ್ಲಿ ಹಣವೊಡ್ಡಿ ಆಡಿಸುವ ಆಟಗಳನ್ನು ಕೇಂದ್ರ ಶಾಸನವು ೨೦೨೫ರಲ್ಲಿ ನಿಷೇಧಿಸಿದೆ.

೯. ಉಪಸಂಹಾರ

ಮೇಲಿನ ವಿವೇಚನೆಯಿಂದ ತಿಳಿದುಬರುವುದಿಷ್ಟು. ಬ್ಯಾಕರಾದ ನಿಯಮಗಳನ್ನು ಅರ್ಧ ಗಂಟೆಯಲ್ಲಿ ಕಲಿಯಬಹುದು. ಆದರೆ ಕಲಿತವನಿಗೂ ಕಲಿಯದವನಿಗೂ ಎಲೆಗಳು ಒಂದೇ ರೀತಿ ಬೀಳುತ್ತವೆ. ಎಲೆ ತೆಗೆಯುವ ಪಟ್ಟಿಯಲ್ಲಿರುವ ಜಾಣತನವು ಹಿಂದಿನವರು ಲೆಕ್ಕ ಹಾಕಿ ಇಟ್ಟುಹೋದುದು. ಇಂದು ಪಣವೊಡ್ಡುವವನಿಗೆ ಅದರಲ್ಲಿ ಪಾಲಿಲ್ಲ. ಅವನಿಗೆ ಉಳಿದಿರುವ ಆಯ್ಕೆಯೆಂದರೆ ನೂರಕ್ಕೆ ಒಂದು ರೂಪಾಯಿ ಆರು ಪೈಸೆ ತೆರಬೇಕೋ, ಹದಿನಾಲ್ಕು ರೂಪಾಯಿ ತೆರಬೇಕೋ ಎಂಬುದು, ಮತ್ತು ಎಷ್ಟು ಸಲ ತೆರಬೇಕೆಂಬುದು. ಸಂಭಾವ್ಯತೆಯ ವಿದ್ಯಾರ್ಥಿಗಾದರೋ ಈ ಆಟದಲ್ಲಿ ದುಡಿಮೆಗೆ ತಕ್ಕ ಫಲವುಂಟು. ಐದನೆಯ ವಿಭಾಗದಲ್ಲಿ ಮೂರು ಸಂದರ್ಭಗಳಿಗೆ ಮಾಡಿದ ಲೆಕ್ಕವನ್ನು ಪಟ್ಟಿಯ ಉಳಿದ ಸಾಲುಗಳಿಗೂ ಕಾಗದದ ಮೇಲೆ ಮಾಡಿ ನೋಡಿದರೆ ನಿರೀಕ್ಷಿತ ಬೆಲೆ ಎಂಬ ಕಲ್ಪನೆ ಚೆನ್ನಾಗಿ ಮನದಟ್ಟಾಗುತ್ತದೆ. ಅದಕ್ಕೆ ಒಂದು ಪೈಸೆಯ ಪಣವೂ ಬೇಕಾಗಿಲ್ಲ.